ಬಾಣಂತಿಯ ಕೋಣೆಯಲ್ಲಿ ಕಾವು ಕೂತ ಕೋಳಿ

ಎರಡು ಸಾವಿರದ ಇಸವಿ, ಮೇ ತಿಂಗಳ ಕೊನೆಯ ಬುಧವಾರ, ಬೆಳಿಗ್ಗೆ ಆರೂ ಕಾಲು ಗಂಟೆ. ಕಾಪುವಿನಿಂದ ಸ್ವಲ್ಪ ಒಳಗೆ, ನಾನು ಹುಟ್ಟಿ ಬೆಳೆದ ಮನೆಯ ಚಾವಡಿ. ಅಲ್ಲಿದ್ದವರು ನಾಲ್ವರು. ಬೆಂಚಿನ ಮೇಲೆ ಅಮ್ಮ, ಬಾಗಿಲಿಗೆ ಒರಗಿ ನನ್ನ ತಂಗಿ ಸುಮತಿ, ಕುರ್ಚಿಯಲ್ಲಿ ಸುಮತಿಯ ಬೀಗಿತ್ತಿ ಕಾರ್ಕಳದ ರತ್ನಕ್ಕ, ನೆಲದ ಮೇಲೆ ನಾನು. ನನ್ನ ಮುಂದೆ ಒಂದು ಬಿಳಿ ಬಟ್ಟೆ. ಹಿಂದಿನ ಸಂಜೆ ಅದನ್ನು ಮಡಚಿ, ಕಾವು ಕೂತಿದ್ದ ಕಪ್ಪು ಕೋಳಿಯ ಬುಟ್ಟಿಯ ಅಡಿಗೆ ಇಟ್ಟಿದ್ದೆ. ಬೆಳಕು ಹರಿಯುತ್ತಲೇ ಎಳೆದು ತಂದು ಎಲ್ಲರೆದುರು ಬಿಡಿಸಿದೆ. ಮಡಿಕೆಯ ಗೆರೆಗಳಲ್ಲಿ ಕರಿಮೆಣಸಿನ ಹುಡಿ ಚೆಲ್ಲಿದ ಹಾಗೆ ಕಂಡಿತು. ಆ ಹುಡಿ ಮೆಲ್ಲಗೆ ನಡೆಯತೊಡಗಿತು: ಕೋಳಿಹೇನು. ಒಂದನ್ನು ಹೆಬ್ಬೆರಳಿನಿಂದ ಒತ್ತಿ ಒರೆಸಿದೆ. ಬಟ್ಟೆಯ ಮೇಲೆ ಕೆಂಪು ಗೀರು ಬಿತ್ತು. ರತ್ನಕ್ಕ ಕುರ್ಚಿಯಿಂದಲೇ ಬಗ್ಗಿ ನೋಡಿದರು.

“ಅದು ರಕ್ತ ಅಲ್ವಾ?”

“ಹೌದು. ಕೋಳಿಯದ್ದು. ಸ್ವಲ್ಪ ಮಗುವಿನದ್ದೂ ಇರಬಹುದು.”

“ಹಾಗಾದರೆ ನಾನು ಹೇಳಿದ್ದು ಸರಿ ಉಂಟು. ಸಂಜೆ ಮಗ ಸುರೇಶ ವ್ಯಾನು ತರುತ್ತಾನೆ. ತಾಯಿ ಮಗು ನನ್ನ ಜೊತೆ ಬರಲಿ.”

ಸುಮತಿ ಬಾಗಿಲು ಬಿಟ್ಟು ಒಳಗೆ ಹೋದಳು. ಅವಳ ಒಬ್ಬಳೇ ಮಗಳು ಶೋಭಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಮಗು, ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ವಾರದಿಂದ ಅದರ ಕುತ್ತಿಗೆಯ ಮಡಿಕೆಯಲ್ಲಿ, ಕಂಕುಳಲ್ಲಿ, ಸೊಂಟದ ಸುತ್ತ ಕೆಂಪು ಚುಕ್ಕಿಗಳು ಏಳುತ್ತಿದ್ದವು. ಡಾಕ್ಟರು ಹಚ್ಚಲು ಔಷಧ ಕೊಟ್ಟು, ಏನೋ ಕಚ್ಚುತ್ತಿದೆ, ಹುಡುಕಿ ಎಂದಿದ್ದರು. ಹಾಸಿಗೆಯಲ್ಲಿ ತಗಣೆ ಹುಡುಕಿದರು, ಸಿಗಲಿಲ್ಲ. ಇರುವೆ ಇರಲಿಲ್ಲ. ಸೊಳ್ಳೆಪರದೆ ಸರಿಯಾಗಿಯೇ ಇತ್ತು. ಕೊನೆಗೆ ಸುಮತಿ, ನಾಗನಿಗೆ ಏನಾದರೂ ಅಪಚಾರವಾಗಿದೆಯೋ ಎಂದು ಜೋಯಿಸರಲ್ಲಿ ಕೇಳಿಸುವ ಯೋಚನೆಯಲ್ಲಿದ್ದಳು. ಮಂಗಳವಾರ ಮೊಮ್ಮಗಳನ್ನು ನೋಡಲು ಬಂದ ರತ್ನಕ್ಕ ಅಂಗಿ ಎತ್ತಿ ಚುಕ್ಕಿ ನೋಡಿದರು. ಆಮೇಲೆ ತಲೆಯೆತ್ತಿ ಅದೇ ಕೋಣೆಯ ಮೂಲೆಯಲ್ಲಿ ಬುಟ್ಟಿಯೊಳಗೆ ಕೂತಿದ್ದ ಕೋಳಿಯನ್ನು ನೋಡಿದರು. ಒಂದೋ ಈ ಮನೆಯಿಂದ ಕೋಳಿಗಳೆಲ್ಲ ಹೋಗಬೇಕು, ಇಲ್ಲವೋ ತಾಯಿ ಮಗು ಕಾರ್ಕಳಕ್ಕೆ ಬರಬೇಕು ಎಂದು ಆಗಲೇ ತೀರ್ಮಾನ ಹೇಳಿದರು. ಅಮ್ಮ ಉತ್ತರವಾಗಿ, ಈ ಮನೆಗೆ ಅಳಿಯ ಬರುವ ಮೊದಲೇ ಕೋಳಿ ಬಂದಿದೆ ಎಂದರು. ಮಾತು ಅಲ್ಲಿಗೆ ಕೆಟ್ಟಿತು. ನಮ್ಮ ಕಡೆ ಬಾಣಂತಿ ಅವಧಿಗೆ ಮುಂಚೆ ತವರಿನಿಂದ ಹೊರಟರೆ ಜನ ಸುಮ್ಮನಿರುವುದಿಲ್ಲ. ಅಲ್ಲಿ ಎಂತ ಕಡಿಮೆಯಾಯಿತಂತೆ ಎಂದು ಮಗು ಶಾಲೆಗೆ ಹೋಗುವವರೆಗೂ ಕೇಳುತ್ತಾರೆ. ಸುಮತಿ ಅದೊಂದನ್ನೇ ನೆನೆಸಿಕೊಂಡು ನಿದ್ದೆ ಬಿಟ್ಟಿದ್ದಳು.

ನಾನು ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಬಟ್ಟೆಬರೆಯ ವಿಭಾಗ ನೋಡಿಕೊಂಡು, ನಿವೃತ್ತಿಯಾಗಿ, ಕ್ವಾರ್ಟರ್ಸ್ ಖಾಲಿ ಮಾಡಿ, ಹಿಂದಿನ ಭಾನುವಾರವಷ್ಟೇ ಟ್ರಂಕು ಹಿಡಿದು ಈ ಮನೆಗೆ ಮರಳಿದ್ದೆ. ಹಾಸಿಗೆ, ಹೊದಿಕೆ, ಅದರಲ್ಲಿ ಸೇರುವ ಜೀವಜಂತು, ಇವುಗಳೊಡನೆ ಹೋರಾಡಿಯೇ ನನ್ನ ಕೆಲಸದ ವರ್ಷಗಳು ಕಳೆದವು. ಬಿಳಿ ಬಟ್ಟೆ ಮಡಚಿ ಇಟ್ಟು ನೋಡುವ ಉಪಾಯ ಅಲ್ಲಿಯದ್ದು. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ಹೊರಡುವ ಪ್ರಾಣಿಗೆ ಬೆಳಗಾಗುವಾಗ ಒಂದು ಮಡಿಕೆ ಸಿಕ್ಕಿದರೆ ಸಾಕು, ಅದರಲ್ಲೇ ಸೇರಿಕೊಳ್ಳುತ್ತದೆ. ಆದರೆ ಶಿಸ್ತು ನಾನು ಆಸ್ಪತ್ರೆಯಲ್ಲಿ ಕಲಿತದ್ದಲ್ಲ. ಅದನ್ನು ಕಲಿಸಿದ್ದು ಈ ಮನೆಯ ಕೋಳಿಗೂಡು.

ಗೂಡು ಬಚ್ಚಲಮನೆಗೆ ತಾಗಿಕೊಂಡಿತ್ತು. ಮೂರು ಗೋಡೆ ಮುರಕಲ್ಲಿನದ್ದು, ನಾಲ್ಕನೆಯದು ಬಚ್ಚಲಮನೆಯ ಗೋಡೆಯೇ. ಸ್ನಾನದ ಹಂಡೆಯ ಒಲೆ ಆ ಗೋಡೆಯ ಆಚೆ ಬದಿಯಲ್ಲಿದ್ದುದರಿಂದ ಮಳೆಗಾಲದಲ್ಲೂ ಗೂಡು ಒಣಗಿರುತ್ತಿತ್ತು. ಒಳಗೆ ಕೋಳಿಗಳು ಕೂರಲು ಅಡಿಕೆ ಮರದ ಸೀಳುಗಳನ್ನು ತೆಂಗಿನ ಹುರಿಹಗ್ಗದಿಂದ ಬಿಗಿದ ಅಟ್ಟಳಿಗೆ, ಅದರ ಅಡಿಗೆ ಹಿಕ್ಕೆ ಬೀಳಲು ಒಂದು ಹಲಗೆ. ಅಪ್ಪ ಬೇಗ ತೀರಿಹೋಗಿದ್ದರು. ಗದ್ದೆ, ದನ, ನಾವು ಇಬ್ಬರು ಹೆಣ್ಣುಮಕ್ಕಳು, ಎಲ್ಲವನ್ನೂ ಅಮ್ಮ ಒಂದೇ ಹಗ್ಗದಲ್ಲಿ ಹಿಡಿದಿದ್ದರು. ನನಗೆ ಬುದ್ಧಿ ಬಂದಾಗಿನಿಂದ ನಿಯಮ ಒಂದೇ: ಮೊದಲು ಗೂಡು, ಆಮೇಲೆ ಗಂಜಿ. ಏಳುತ್ತಲೇ ಬಾಗಿಲು ತೆಗೆದು ಕೋಳಿಗಳನ್ನು ಹೊರಬಿಡಬೇಕು. ಹಲಗೆ ಕೆರೆದು ಹಿಕ್ಕೆಯನ್ನು ಅಡಿಕೆ ಹಾಳೆಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಕುಡಿಯುವ ನೀರಿನ ಮರಿಗೆಯನ್ನು ಹಿಡಿಸೂಡಿಯ ಕಡ್ಡಿಯಿಂದ ತಿಕ್ಕಿ ತೊಳೆದು ಕಲ್ಲಿನ ಮೇಲೆ ಎತ್ತರಿಸಿ ಇಡಬೇಕು. ನೆಲದ ಮೇಲೆ ಇಟ್ಟರೆ ಕೋಳಿ ಅದರಲ್ಲೇ ಕಾಲು ಹಾಕಿ, ಅದರಲ್ಲೇ ಹಿಕ್ಕೆ ಹಾಕಿ, ಅದನ್ನೇ ಕುಡಿಯುತ್ತದೆ. ತಿಂಗಳಿಗೊಮ್ಮೆ ತೆಂಗಿನ ಮಡಲಿನ ಬೇಲಿ ಕಿತ್ತು ಅವು ಕೆದಕುವ ಜಾಗ ಬದಲಿಸಬೇಕು. ಒಂದೇ ಜಾಗದಲ್ಲಿ ಮೇಯುವ ಕೋಳಿ ತನ್ನ ಹೊಟ್ಟೆಯ ಹುಳವನ್ನು ತಾನೇ ಬಿತ್ತಿ ತಾನೇ ಕೊಯ್ಯುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಮುಂದೆ ಪಶು ಆಸ್ಪತ್ರೆಯ ಕಂಪೌಂಡರು ಜಂತುಹುಳದ ಔಷಧದೊಡನೆ ಅದೇ ಮಾತನ್ನು ಉದ್ದವಾಗಿ ಹೇಳಿದಾಗ ನನಗೆ ಹೊಸದೇನೂ ಕೇಳಿಸಲಿಲ್ಲ.

ಅಮ್ಮನ ಪರೀಕ್ಷೆ ಗಂಜಿಗೆ ಕೂರುವ ಮುಂಚೆ. ಗೂಡಿನೊಳಗೆ ತಲೆ ಹಾಕಿ ಒಮ್ಮೆ ಉಸಿರು ಎಳೆಯುತ್ತಿದ್ದರು. ವಾಸನೆ ಬಂದರೆ ಬಟ್ಟಲು ಮಗುಚಿ ಇಟ್ಟು ನಮ್ಮನ್ನು ಹಿಂದಕ್ಕೆ ಕಳಿಸುತ್ತಿದ್ದರು. ಸುಮತಿ ನನಗಿಂತ ಚಿಕ್ಕವಳು, ನನಗಿಂತ ಚುರುಕು. ಒಂದು ದಿನ ಹಲಗೆ ಕೆರೆಯದೆ ಅದರ ಮೇಲೆ ದಪ್ಪಗೆ ಬೂದಿ ಹರಡಿ ಬಂದಳು. ವಾಸನೆ ಬರಲಿಲ್ಲ. ಅಮ್ಮ ಹಲಗೆಯನ್ನು ಬೆರಳಿನಿಂದ ಗೀರಿದರು.

“ಕೊಳಕಿಗೆ ಪೌಡರ್ ಹಾಕಿದ್ದೀಯಾ? ಹಾಗಾದರೆ ಕೈಗೂ ಹಾಕಿಕೋ. ತೊಳೆಯದ ಕೈಯಲ್ಲೇ ಉಣ್ಣು ನೋಡುವ.”

ಸುಮತಿ ಅಳುತ್ತ ಹೋಗಿ ಕೆರೆದು ಬಂದಳು. ಅವಳು ಕೆರೆದು ಮುಗಿಸುವವರೆಗೆ ನನ್ನ ಗಂಜಿಯೂ ತಣಿಯಿತು. ಅದು ಅನ್ಯಾಯ ಎಂದು ನಾನು ಹೇಳಿದ್ದಕ್ಕೆ, ನಿನಗೆ ಗೊತ್ತಿತ್ತಲ್ಲ ಎಂದರು ಅಮ್ಮ. ಅಷ್ಟೇ ಉತ್ತರ. ಬೂದಿ ಬೀಳಬೇಕಾದದ್ದು ಹಲಗೆಗಲ್ಲ, ಅಂಗಳದ ಮೂಲೆಯ ಒಂದು ಗುಂಡಿಗೆ. ಒಣಮಣ್ಣು ತುಂಬಿದ ಆ ಗುಂಡಿಗೆ ದಿನವೂ ಬಚ್ಚಲೊಲೆಯ ಒಂದು ಗೆರಟೆ ಬೂದಿ ಸೇರಬೇಕು. ಕೋಳಿಗಳು ಬಿಸಿಲಿಗೆ ಅದರಲ್ಲಿ ಹೊರಳಾಡಿ, ರೆಕ್ಕೆಯ ಬುಡದವರೆಗೆ ಹುಡಿ ತುಂಬಿಕೊಂಡು, ಎದ್ದು ಕೊಡವಿಕೊಳ್ಳುತ್ತವೆ. ಅದು ಅವುಗಳ ಸ್ನಾನ. ನಮ್ಮ ಸ್ನಾನ ತಪ್ಪಿದರೂ ಅಮ್ಮ ಒಂದು ದಿನ ಸಹಿಸಿಕೊಳ್ಳುತ್ತಿದ್ದರು, ಮಳೆಗಾಲವೊಂದು ಬಿಟ್ಟು ಕೋಳಿಯ ಸ್ನಾನ ತಪ್ಪುವಂತಿರಲಿಲ್ಲ.

ಕಾವಿಗೆ ಕೂರುವ ಕೋಳಿಗೂ ಬಾಣಂತಿಗೂ ಒಂದೇ ಕೋಣೆ ಎಂಬುದು ಈ ಮನೆಯ ಪದ್ಧತಿ. ಬಚ್ಚಲಮನೆಗೆ ತಾಗಿದ ಒಳಕೋಣೆ ಕತ್ತಲೆಯದ್ದು, ಬೆಚ್ಚಗಿನದ್ದು. ಹೊರಗಿನವರು ಅಲ್ಲಿ ಕಾಲಿಡುವುದಿಲ್ಲ. ಬಾಣಂತಿಗೆ ಬೇಕಾದದ್ದೂ ಅದೇ, ಕೋಳಿಗೆ ಬೇಕಾದದ್ದೂ ಅದೇ. ಹೆರಿಗೆಯಾದ ವಾರದಲ್ಲಿ ಒಳ್ಳೆಯ ದಿನ ನೋಡಿ ಕೋಳಿಯನ್ನು ಮೊಟ್ಟೆಯ ಮೇಲೆ ಕೂರಿಸುತ್ತಾರೆ. ಮರಿ ಗಟ್ಟಿಯಾಗಿ ಹೊರಬಂದರೆ ಮಗು ಗಟ್ಟಿ ಎಂದು ನಂಬಿಕೆ. ನಾನು ಹುಟ್ಟಿದಾಗಲೂ ಸುಮತಿ ಹುಟ್ಟಿದಾಗಲೂ ಆ ಮೂಲೆಯಲ್ಲಿ ಒಂದು ಕೋಳಿ ಇತ್ತು. ನಮ್ಮಿಬ್ಬರ ಮೈಯಲ್ಲೂ ಒಂದು ಚುಕ್ಕಿ ಎದ್ದಿರಲಿಲ್ಲ ಎಂದು ಅಮ್ಮ ಆ ಬೆಳಿಗ್ಗೆ ಮತ್ತೆ ಮತ್ತೆ ಹೇಳಿದರು. ಅದು ಸುಳ್ಳಲ್ಲ ಎಂದು ನನಗೂ ಅನಿಸಿತು. ಹಾಗಾದರೆ ಕೇಳಬೇಕಾದದ್ದು, ಈ ಸಲ ಬದಲಾದದ್ದು ಏನು ಎಂದು. ಸಂಜೆಯವರೆಗೆ ನನಗೆ ಸಮಯ ಕೊಡಿ ಎಂದು ರತ್ನಕ್ಕನಲ್ಲಿ ಹೇಳಿ ನಾನು ಗೂಡಿನ ಕಡೆ ಹೊರಟೆ. ವ್ಯಾನು ಬರುವುದಂತೂ ಬರುತ್ತದೆ ಎನ್ನುತ್ತ ಅವರೂ ಹಿಂದೆ ಬಂದರು.

ಗೂಡು ಹೊರನೋಟಕ್ಕೆ ಚೊಕ್ಕಟವಾಗಿತ್ತು. ಸುಮತಿ ಹಲಗೆಯನ್ನು ದಿನಾ ಕೆರೆಯುತ್ತಿದ್ದಳು, ವಾಸನೆ ಇರಲಿಲ್ಲ. ಆದರೆ ಕೋಳಿಗಳ ಜುಟ್ಟು ಬಿಳಿಚಿತ್ತು. ಅಡಿಕೆ ಸೀಳುಗಳನ್ನು ಬಿಗಿದ ಹುರಿಹಗ್ಗದ ಗಂಟುಗಳ ಸುತ್ತ ಬೂಷ್ಟು ಹಿಡಿದ ಹಾಗೆ ಬೂದು ಬಣ್ಣ. ಒಂದು ಗಂಟನ್ನು ಕತ್ತಿಯ ತುದಿಯಿಂದ ಬಿಡಿಸಿದೆ. ಒಳಗೆ ಹೇನುಗಳು ಕಿಕ್ಕಿರಿದಿದ್ದವು. ರತ್ನಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅಲ್ಲಿಂದ ಅಂಗಳದ ಮೂಲೆಯ ಗುಂಡಿಗೆ ಹೋದೆ. ಅದರಲ್ಲಿ ಹುಡಿ ಇರಲಿಲ್ಲ. ಮಣ್ಣು ಸಿಮೆಂಟಿನಂತೆ ಗಟ್ಟಿಯಾಗಿ, ಕೋಳಿಯ ಉಗುರಿನ ಗೀರು ಮಾತ್ರ ಕಾಣುತ್ತಿತ್ತು. ಅವು ಹೊರಳಾಡಲು ನೋಡಿ, ಆಗದೆ ಬಿಟ್ಟಿದ್ದವು. ಬೂದಿ ಎಲ್ಲಿ ಎಂದು ಸುಮತಿಯಲ್ಲಿ ಕೇಳಿದೆ. ಅವಳು ನನ್ನನ್ನು ಬಚ್ಚಲಮನೆಗೆ ಕರೆದುಕೊಂಡು ಹೋದಳು. ಮಗು ಹುಟ್ಟಿದಂದಿನಿಂದಿನ ಬೂದಿ ಅಷ್ಟೂ ಅಲ್ಲಿತ್ತು. ಎರಡು ಡಬ್ಬ ತುಂಬಿ, ಒಡೆದ ಮಡಕೆ ತುಂಬಿ, ಗೋಡೆಯ ಬದಿಗೆ ಮೊಣಕಾಲೆತ್ತರ ರಾಶಿಯಾಗಿತ್ತು. ಬಾಣಂತಿಗೂ ಮಗುವಿಗೂ ದಿನಾ ಎರಡು ಹೊತ್ತು ನೀರು ಕಾಯಿಸುವ ಮನೆಯಲ್ಲಿ ಬೂದಿಗೆ ಬರ ಇರುವುದುಂಟೇ?

“ಅಮ್ಮ ಬಿಡುವುದಿಲ್ಲ ಅಕ್ಕ,” ಎಂದಳು ಸುಮತಿ. “ಬಾಣಂತಿ ಮನೆಯ ಬೂದಿ ಹೊರಗೆ ಹೋಗಬಾರದಂತೆ. ಬಸಳೆಯ ಬುಡಕ್ಕೆ ಸಹ ಹಾಕಲಿಕ್ಕೆ ಇಲ್ಲ.”

ವಿಷಯ ಅಲ್ಲಿಗೆ ತಿಳಿಯಾಯಿತು. ನಾವು ಹುಟ್ಟಿದ ಕಾಲಕ್ಕೆ ಅಮ್ಮ ತಾನೇ ಬಾಣಂತಿಯಾಗಿ ಮಲಗಿದ್ದವರು. ಬೂದಿಯ ಲೆಕ್ಕ ಆಗ ಅಜ್ಜಿಯದ್ದು, ಅಜ್ಜಿ ಕೋಳಿಗೆ ಬೂದಿ ಹಾಕಿದರೋ ಇಲ್ಲವೋ ಕತ್ತಲೆ ಕೋಣೆಯಲ್ಲಿದ್ದ ಅಮ್ಮನಿಗೆ ಕಂಡಿರಲಾರದು. ಶೋಭಾ ಹುಟ್ಟಿದಾಗ ಸುಮತಿ ಬಾಣಂತನಕ್ಕೆ ಮಣಿಪಾಲದ ನನ್ನ ಕ್ವಾರ್ಟರ್ಸಿನಲ್ಲಿದ್ದಳು. ಈಗ ಅಮ್ಮ ಹಿರಿಯರಾಗಿ, ಕೇಳಿದ ನಿಯಮವನ್ನು ಕೇಳಿದ ಹಾಗೆಯೇ ಪಾಲಿಸಿದ್ದರು. ಬೂದಿ ನಿಂತಿತು, ಕೋಳಿಯ ಸ್ನಾನ ನಿಂತಿತು, ಹೇನು ಹೆಚ್ಚಿತು. ಹೇನು ಹತ್ತಿದ ಕೋಳಿಯನ್ನೇ ಬುಟ್ಟಿಯಲ್ಲಿಟ್ಟು ಮಗುವಿನ ಹತ್ತಿರ ಕೂರಿಸಿದರು. ಸುಮತಿಗೆ ಇದನ್ನು ಹೇಳಿದಾಗ ಅವಳ ಮುಖದಲ್ಲಿ ಬಣ್ಣ ಬಂತು. ಕದ್ದು ಹಾಕಿಬಿಡುವ, ಅಮ್ಮನಿಗೆ ಈಗ ಕಣ್ಣು ಮಂಜು, ಗೊತ್ತಾಗುವುದಿಲ್ಲ ಎಂದಳು. ನಾನು ಒಪ್ಪಲಿಲ್ಲ. ನಿಯಮ ಬೇಡವಾದರೆ ಅದನ್ನು ಹಾಕಿದವರಲ್ಲೇ ಕೇಳಿ ಬಿಡಿಸಿಕೊಳ್ಳಬೇಕು. ಮರೆಯಲ್ಲಿ ಮುರಿದದ್ದು ಒಂದು ದಿನವಷ್ಟೇ ನಡೆಯುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಕದಿಯಬೇಕು. ನಾನು ಚಾವಡಿಗೆ ಬಂದು ಬೆಂಚಿನ ಎದುರು ನಿಂತೆ. ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಮ್ಮ, ಬೂದಿ ಹೊರಗೆ ಹೋಗಬಾರದು ಎಂದದ್ದು ಯಾರು?”

“ನನ್ನ ಅಮ್ಮ. ಬಾಣಂತಿ ಮನೆಯ ಬೆಂಕಿ, ಬೂದಿ, ಮಜ್ಜಿಗೆ ಯಾರಿಗೂ ಕೊಡಬಾರದು.”

“ಯಾರಿಗೂ ಎಂದರೆ?”

“ಹೊರಗಿನವರಿಗೆ.”

“ನಮ್ಮ ಕೋಳಿ ಹೊರಗಿನದ್ದಾ?”

ಅಮ್ಮ ಊರುಗೋಲು ಹುಡುಕಿ ಎದ್ದರು. ನಾನು ಕೈ ಕೊಟ್ಟೆ, ಬೇಡವೆಂದರು. ಗೋಡೆ ಸವರಿಕೊಂಡು ಒಳಕೋಣೆ ದಾಟಿ, ಬಚ್ಚಲಮನೆ ದಾಟಿ, ಹಿತ್ತಿಲ ಬಾಗಿಲಿನಿಂದ ಗೂಡಿನ ಎದುರಿಗೆ ಬಂದರು. ನಾವು ಮೂವರು ಹಿಂದೆ. ಅವರು ಕೋಲು ಎತ್ತಿ ಬಚ್ಚಲಮನೆಯ ಹೆಂಚಿನ ಮಾಡನ್ನು ಹೊತ್ತ ಪಕ್ಕಾಸಿನ ಮರಕ್ಕೆ ತಾಗಿಸಿದರು. ಆ ಮರದ ಗುಂಟ ಕೋಲನ್ನು ಮೆಲ್ಲಗೆ ಜಾರಿಸಿದರು. ಪಕ್ಕಾಸು ಎಲ್ಲೂ ತುಂಡಾಗದೆ ಗೂಡಿನ ಮೇಲಿನಿಂದ ಹಾದು ಹೋಗುತ್ತಿತ್ತು. ಕೋಲು ಕೊನೆ ಮುಟ್ಟಿದ ಮೇಲೆ ಅಮ್ಮ ತಿರುಗಿದರು.

“ಮಾಡು ಒಂದೇ. ಗೂಡಿಗೆ ಬೇರೆ ಮಾಡು ಇಲ್ಲ. ಹಾಗಾದರೆ ಗೂಡು ಮನೆಯ ಒಳಗೇ. ಬೂದಿ ಹಾಕು.”

ಸುಮತಿ ಡಬ್ಬ ತರಲು ಓಡುವುದರಲ್ಲಿದ್ದಳು. ಅಮ್ಮ ಕೋಲು ಅಡ್ಡ ಹಿಡಿದರು.

“ಅಂಗಳದ ಗುಂಡಿಗೆ ಇಲ್ಲ. ಅದು ಮಾಡಿನಿಂದ ಹೊರಗೆ ಉಂಟು. ಇಲ್ಲಿ, ಸೂರಿನ ಒಳಗೆ, ಹೊಸ ಗುಂಡಿ ಮಾಡಿ.”

ರತ್ನಕ್ಕನಿಗೆ ನಗು ಬಂತು. ಇವರು ಉಡುಪಿಯ ಕೋರ್ಟಿನಲ್ಲಿ ಇರಬೇಕಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೆ ನಗು ಬರಲಿಲ್ಲ. ಮಳೆಗೆ ಇನ್ನು ಕೆಲವೇ ದಿನ. ಅಂಗಳದ ಗುಂಡಿ ಪ್ರತಿ ಮಳೆಗಾಲದಲ್ಲೂ ಕೆಸರಾಗುತ್ತಿತ್ತು, ಆ ತಿಂಗಳುಗಳಲ್ಲಿ ಕೋಳಿಗೆ ಸ್ನಾನವಿರಲಿಲ್ಲ, ಹೇನು ಬರುತ್ತಿದ್ದದ್ದೂ ಆಗಲೇ. ಸೂರಿನ ಅಡಿಗೆ ಗುಂಡಿ ತೋಡಿದರೆ ಆಟಿ ತಿಂಗಳ ಜಡಿಮಳೆಯಲ್ಲೂ ಒಣಗಿಯೇ ಇರುತ್ತದೆ. ಇಷ್ಟು ವರ್ಷ ಯಾರಿಗೂ ಹೊಳೆಯದ್ದು ಆ ತೀರ್ಪಿನಿಂದ ಆಯಿತು. ಇನ್ನು ಉಳಿದದ್ದು ಕಾವಿನ ಕೋಳಿ. ಅದನ್ನು ಎಬ್ಬಿಸಿದರೆ ಮೊಟ್ಟೆ ತಣಿಯುತ್ತದೆ, ಮೊಟ್ಟೆ ಕೆಟ್ಟರೆ ಮಗುವಿಗೆ ಒಳ್ಳೆಯದಲ್ಲ ಎಂದು ಅಮ್ಮ ಪಟ್ಟು ಹಿಡಿದರು. ಎಬ್ಬಿಸುವುದಿಲ್ಲ, ಮುಸ್ಸಂಜೆಗೆ ಬುಟ್ಟಿ ಬದಲಿಸುತ್ತೇನೆ, ಇದೇ ಮಾಡಿನ ಅಡಿಗೆ ಗೂಡಿನ ಪಕ್ಕದ ಗೋಡೆಗೂಡಿನಲ್ಲಿ ಇಡುತ್ತೇನೆ ಎಂದೆ. ಆಗ ಒಳಕೋಣೆಯಿಂದ ಶೋಭಾಳ ದನಿ ಬಂತು. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

“ದೊಡ್ಡಮ್ಮ, ಅದನ್ನು ಕೊಂಡುಹೋಗಿ ಮಾರಾಯ್ರೆ. ಮಗು ಅತ್ತರೆ ಅದೂ ಶುರು ಮಾಡುತ್ತದೆ. ಇಬ್ಬರನ್ನೂ ಸಮಾಧಾನ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ.”

ಕೆಲಸ ಕೂಡಲೇ ಶುರುವಾಯಿತು. ನನ್ನ ಕ್ರಮ ಯಾವಾಗಲೂ ಒಂದೇ: ಒಳಗಿರುವುದೆಲ್ಲ ಹೊರಗೆ ಬರಬೇಕು, ಸುಡುವಂಥದ್ದು ಸುಡಬೇಕು, ಕುದಿಸುವಂಥದ್ದು ಕುದಿಯಬೇಕು, ಉಳಿದದ್ದಕ್ಕೆ ಬಿಸಿಲು. ಮೊದಲು ಒಳಕೋಣೆ. ಶೋಭಾ ಮಗುವನ್ನು ಎತ್ತಿಕೊಂಡು ಚಾವಡಿಯ ಪಕ್ಕದ ಕೋಣೆಗೆ ಬಂದಳು. ಚಾಪೆ, ಹಾಸಿಗೆ, ತೊಟ್ಟಿಲ ಬಟ್ಟೆ ಎಲ್ಲ ಹೊರಗೆ ಹೋಯಿತು. ಮಗುವಿನ ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸಿ ಹಗ್ಗಕ್ಕೆ ಹಾಕಿದೆವು. ಬಿಸಿನೀರಿನಿಂದ ನೆಲ, ಗೋಡೆಯ ಬುಡ ತೊಳೆದು, ಬಿರುಕಿಗೆ ಸುಣ್ಣ ತುಂಬಿದೆವು. ಆ ಕೋಣೆಯಲ್ಲಿ ಸೀಮೆಎಣ್ಣೆ ಮುಟ್ಟಲಿಲ್ಲ, ಮಗು ಮಲಗುವ ಜಾಗ. ಕೋಳಿಯೊಂದೇ ಮೂಲೆಯಲ್ಲಿ, ನಾನು ಸುತ್ತ ಗೆರೆ ಎಳೆದ ಹಾಗೆ ಹಾಕಿದ ಬೂದಿಯ ನಡುವೆ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೂತಿತ್ತು.

ಆಮೇಲೆ ಗೂಡು. ಅಟ್ಟಳಿಗೆಯನ್ನು ಪೂರ್ತಿ ಬಿಚ್ಚಿದೆವು. ಹುರಿಹಗ್ಗ ಒಂದು ತುಂಡೂ ಉಳಿಯದ ಹಾಗೆ ಒಲೆಗೆ ಹಾಕಿದೆ. ಹಗ್ಗದ ಗಂಟು ಹೇನಿಗೆ ಮನೆ, ಅದನ್ನು ತೊಳೆದು ಮತ್ತೆ ಕಟ್ಟಿದರೆ ಪ್ರಯೋಜನವಿಲ್ಲ. ಸೀಳುಗಳ ಮೇಲೆ ಕುದಿಯುವ ನೀರು ಹೊಯ್ದು ಅಂಗಳದ ನಡುವೆ ಬಿಸಿಲಿಗೆ ಹರಡಿದೆ. ಮುರಕಲ್ಲು ಮೈಯೆಲ್ಲ ತೂತಿನ ಕಲ್ಲು. ಪ್ರತಿ ತೂತೂ ಅವುಗಳಿಗೆ ಒಂದು ಕೋಣೆ. ಆದ್ದರಿಂದ ತೆಳ್ಳಗೆ ಬಳಿದರೆ ಸಾಲದು. ಚಿಪ್ಪಿಸುಣ್ಣಕ್ಕೆ ನೀರು ಹಾಕಿ, ಅದು ಕುದಿದು ಅಡಗಿದ ಮೇಲೆ ಮೊಸರಿನ ಹದಕ್ಕೆ ಕಲಸಿ, ತೆಂಗಿನ ಸಿಪ್ಪೆಯ ಕುಂಚದಿಂದ ತೂತು ತೂತಿಗೆ ತಿವಿದು ತುಂಬಿದೆ. ಬಾಗಿಲಿನ ಮರದ ಸಂದಿಗೆ ಸೀಮೆಎಣ್ಣೆ. ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕಾಣದಿದ್ದರೂ ಕುಂಚದ ಸದ್ದು ಕೇಳಿಯೇ, ಎಡಗಡೆಯ ಮೂಲೆ ಬಿಟ್ಟೆ, ಮೇಲೆ ಬಾಗಿಲಿನ ಹಿಂದೆ ಬಿಟ್ಟೆ ಎಂದು ಹೇಳುತ್ತಿದ್ದರು. ಎರಡು ಸಲವೂ ಬಿಟ್ಟಿದ್ದೆ.

ರತ್ನಕ್ಕ ಮೊದಲು ಸೀರೆ ಎತ್ತಿಕಟ್ಟದೆ ದೂರದಲ್ಲಿ ನಿಂತಿದ್ದರು. ಆಸ್ಪತ್ರೆಯಲ್ಲಿ ಕೋಳಿಗೂ ವಾರ್ಡು ಇತ್ತಾ ಸರೋಜಕ್ಕ ಎಂದು ಕೇಳಿದರು. ಇತ್ತು, ನೋಡಲು ಬರುವವರು ಇಷ್ಟು ಮಾತಾಡುತ್ತಿರಲಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಅವರೇ ಬಂದು ಒಂದು ಸೀಳನ್ನು ಎತ್ತಿ ಕೊನೆಯ ಬಿರುಕು ತೋರಿಸಿದರು, ಇಲ್ಲಿ ನೀರು ಹೋಗಲಿಲ್ಲ ಎಂದರು. ಮಧ್ಯಾಹ್ನ ಪಡುಬಿದ್ರಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಸುಮತಿಯ ಗಂಡ ಜಯಕರ ಒಂದು ಗೋಣಿ ಹೊಸ ಉಮಿ ತಂದು ಇಳಿಸಿ, ಊಟ ಮಾಡಿ, ಯಾರ ಮುಖವನ್ನೂ ನೋಡದೆ ಹಿಂದಕ್ಕೆ ಹೋದ. ಆ ಹೊತ್ತಿಗೆ ಹೊಸ ಗುಂಡಿ ಸಿದ್ಧವಾಗಿತ್ತು. ಸೂರಿನಡಿ ಮೊಳದ ಆಳ ತೋಡಿ, ಜರಡಿ ಹಿಡಿದ ಒಣಮಣ್ಣಿಗೆ ಮೂರು ವಾರದ ಬೂದಿಯನ್ನು ಬೆರೆಸಿ ತುಂಬಿದೆವು. ಆದರೆ ಅಷ್ಟು ಹೇನು ಹತ್ತಿದ ಕೋಳಿ ತಾನಾಗಿ ಹೊರಳಾಡುವವರೆಗೆ ಕಾಯುವಂತಿರಲಿಲ್ಲ. ಒಂದೊಂದನ್ನೇ ಹಿಡಿದು ರೆಕ್ಕೆಯಡಿಗೆ, ಬಾಲದ ಬುಡಕ್ಕೆ ಬೂದಿ ತಿಕ್ಕಬೇಕು. ಸುಮತಿ ಹಿಡಿದ ಕೋಳಿ ಎರಡು ಸಲ ಕೊಸರಿಕೊಂಡು ಓಡಿತು. ರತ್ನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕಾಲು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು, ಎದೆಯನ್ನು ಮೊಣಕೈ ಮೇಲೆ ಒರಗಿಸಿ, ರೆಕ್ಕೆ ಬಿಡಿಸಿ ನನ್ನ ಮುಂದೆ ಹಿಡಿದರು. ಕೋಳಿ ಮಿಸುಕಲಿಲ್ಲ.

“ನಿಮಗೆ ಅಭ್ಯಾಸ ಉಂಟಲ್ಲ ರತ್ನಕ್ಕ?”

“ನಮ್ಮಲ್ಲಿಯೂ ಇದ್ದವು. ಒಂದು ಮಳೆಗಾಲ ಹೀಗೇ ಹೇನು ಹತ್ತಿತು. ನನ್ನ ಅತ್ತೆ ರಾತ್ರಿಯೆಲ್ಲ ಮೈ ಕೆರೆದುಕೊಂಡು ಕೂತಿರುತ್ತಿದ್ದರು. ಗೂಡು ಮುರಿದು ಸುಟ್ಟೆವು, ಕೋಳಿಯೆಲ್ಲ ಕೊಟ್ಟೆವು. ಇದನ್ನೆಲ್ಲ ಮಾಡಲಿಕ್ಕೆ ಆಗ ಯಾರಿಗೂ ತಾಳ್ಮೆ ಇರಲಿಲ್ಲ.”

ಕೊನೆಯ ಕೋಳಿಯವರೆಗೂ ಅವರೇ ಹಿಡಿದರು. ಬಿಸಿಲಿನಲ್ಲಿ ಕಾದು ಒಣಗಿದ ಸೀಳುಗಳನ್ನು ತಂತಿಯಿಂದ ಬಿಗಿದು ಅಟ್ಟಳಿಗೆ ಕಟ್ಟಿದೆವು. ಈ ಸಲ ಎರಡು ಸೀಳುಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟೆ. ಗೋಡೆಗೆ ತಾಗದ ಹಾಗೆ ಇಟ್ಟೆ. ನೆಲಕ್ಕೆ ಉಮಿ ಹರಡಿದೆ. ಕೆಲಸ ಮುಗಿಯಿತು ಎನ್ನುವಾಗ ಗದ್ದೆಯ ಆಚೆಯಿಂದ ವ್ಯಾನಿನ ಹಾರ್ನು ಕೇಳಿಸಿತು. ಸುಮತಿ ಒಳಗೆ ಹೋಗಿ ಶೋಭಾಳ ಬಟ್ಟೆಗಳನ್ನು ಮಡಚಲು ಶುರು ಮಾಡಿದಳು. ನಾನು ತಡೆಯಲಿಲ್ಲ. ಮಾಡುವುದನ್ನು ಮಾಡಿಯಾಗಿತ್ತು. ರತ್ನಕ್ಕನೂ ಮಗುವಿನ ಅಜ್ಜಿಯೇ, ಹೇಳುವುದು ಅವರಿಗೆ ಬಿಟ್ಟದ್ದು.

ಶೋಭಾಳ ಗಂಡ ಸುರೇಶ ಚಾವಡಿ ಹತ್ತಿದವನು ತಾಯಿಯನ್ನು ನೋಡಿ ಅಲ್ಲೇ ನಿಂತ. ಅವರ ಕೂದಲು, ಹುಬ್ಬು, ಕುತ್ತಿಗೆ ಎಲ್ಲ ಬೂದಿ, ಕೆನ್ನೆಯ ಮೇಲೆ ಸುಣ್ಣದ ಪಟ್ಟೆ.

“ಅಮ್ಮ, ಯಾವ ಭೂತದ ಕೋಲಕ್ಕೆ ಬಣ್ಣ ಹಚ್ಚಿದ್ದು?”

“ಬಾಯಿ ಮುಚ್ಚಿ ಕಾಫಿ ಕುಡಿ.”

ಅವನು ಕುಡಿದ. ವ್ಯಾನಿನವನಿಗೆ ಕತ್ತಲೆಗೆ ಮುಂಚೆ ಕಾರ್ಕಳ ಮುಟ್ಟಬೇಕಂತೆ, ಬೇಗ ಹೊರಟರೆ ಒಳ್ಳೆಯದು ಎಂದ. ಇನ್ನು ಒಂದು ಕೆಲಸ ಉಂಟು, ಅದು ಆಗಲಿ ಎಂದರು ರತ್ನಕ್ಕ. ಸೂರ್ಯ ಇಳಿದು ಅಂಗಳದಲ್ಲಿ ನೆರಳು ಒಂದಾಗುವ ಹೊತ್ತಿಗೆ ನಾನು ಹೊಸ ಬುಟ್ಟಿ ಸಿದ್ಧ ಮಾಡಿದೆ. ತಳಕ್ಕೆ ಬೂದಿ, ಅದರ ಮೇಲೆ ಉಮಿ, ಉಮಿಯ ಮೇಲೆ ಬಾಡಿಸಿದ ಲಕ್ಕಿ ಸೊಪ್ಪು. ಆ ಸೊಪ್ಪಿನ ವಾಸನೆ ಹೇನಿಗೆ ಆಗದು. ಮುಸ್ಸಂಜೆಯ ಮಬ್ಬಿನಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಎತ್ತಿದರೂ ಗಲಾಟೆ ಮಾಡುವುದಿಲ್ಲ. ರತ್ನಕ್ಕ ಅದನ್ನು ಎದೆಗೆ ಒತ್ತಿ ಎತ್ತಿದರು. ನಾನು ಅದರ ಹೊಟ್ಟೆಯ ಗರಿಗಳಿಗೆ ತೆಳ್ಳಗೆ ಬೂದಿ ಸವರಿದೆ. ಸುಮತಿ ಮೊಟ್ಟೆಗಳನ್ನು ಒಂದೊಂದಾಗಿ ಬಿಸಿಬಟ್ಟೆಯಲ್ಲಿ ಒರೆಸಿ ಹೊಸ ಬುಟ್ಟಿಗೆ ಇಟ್ಟಳು. ಒಂದಕ್ಕೊಂದು ತಾಗಲಿಲ್ಲ. ಬುಟ್ಟಿಯನ್ನು ಗೂಡಿನ ಪಕ್ಕದ ಗೋಡೆಗೂಡಿನಲ್ಲಿಟ್ಟು, ರತ್ನಕ್ಕ ಕೋಳಿಯನ್ನು ಮೊಟ್ಟೆಗಳ ಎದುರಿಗೆ ಇಳಿಸಿ ಕೈ ಬಿಟ್ಟರು. ಕೋಳಿ ಕುತ್ತಿಗೆ ಉದ್ದ ಮಾಡಿತು. ಒಂದು ಮೊಟ್ಟೆಯನ್ನು ಕೊಕ್ಕಿನಿಂದ ತನ್ನ ಕಡೆಗೆ ಉರುಳಿಸಿಕೊಂಡಿತು. ಮತ್ತೆ ಹತ್ತಿ, ಮೈ ಅಲುಗಿಸಿ, ಗರಿ ಉಬ್ಬಿಸಿ ಕೂತಿತು.

ಕೂತಿತಾ ಎಂದು ಮೆಟ್ಟಿಲಿನಿಂದ ಅಮ್ಮ ಕೇಳಿದರು. ಕೂತಿತು ಎಂದೆ. ಹಳೆಯ ಬುಟ್ಟಿಯನ್ನೂ ಅದರ ಹುಲ್ಲನ್ನೂ ಸುಮತಿ ಬಚ್ಚಲೊಲೆಗೆ ತುರುಕಿದಳು. ಚಟಪಟ ಸದ್ದು ಕೇಳಿಸಿತು.

ರತ್ನಕ್ಕ ಕೈ ತೊಳೆದು ಒಳಕೋಣೆಗೆ ಹೋದರು. ನಾನು ದೀಪ ಹಿಡಿದು ಹಿಂದೆ ಹೋದೆ. ಅವರು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗೋಡೆಯ ಬುಡವನ್ನು ಬೆರಳಿನಿಂದ ಸವರಿ, ಬೆರಳನ್ನು ದೀಪಕ್ಕೆ ಹಿಡಿದು ನೋಡಿದರು. ತೊಟ್ಟಿಲ ಹಗ್ಗವನ್ನು ನೋಡಿದರು. ಒಣಗಿದ ಹಾಸಿಗೆಯನ್ನು ಮಗುಚಿ ಹೊಲಿಗೆಯ ಗುಂಟ ಉಗುರು ಎಳೆದರು. ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ಪರೀಕ್ಷೆ ಮಾಡಿದ್ದಿಲ್ಲ, ಅಮ್ಮನನ್ನು ಬಿಟ್ಟರೆ. ಸುಮತಿ ಬಾಗಿಲಲ್ಲಿ ಮಡಚಿದ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಸುರೇಶ ಅಂಗಳದಿಂದ ಕರೆದ, ವ್ಯಾನಿನವ ಅವಸರ ಮಾಡುತ್ತಿದ್ದಾನೆ ಎಂದ. ರತ್ನಕ್ಕ ಎದ್ದು ಚಾವಡಿಗೆ ಬಂದರು.

“ನೀನು ಹೋಗು. ನಾನು ಮಗುವಿನ ಪಕ್ಕ ನೆಲದಲ್ಲಿ ಮಲಗುತ್ತೇನೆ. ಏನಾದರೂ ಉಳಿದಿದ್ದರೆ ಮೊದಲು ನನಗೆ ಕಚ್ಚಲಿ. ಭಾನುವಾರ ಬಾ, ಆಗ ಹೇಳುತ್ತೇನೆ.”

“ನಾಲ್ಕು ದಿನ ಇರುತ್ತೀರಾ? ಮನೆಯಲ್ಲಿ ಅಪ್ಪನಿಗೆ ಊಟ?”

“ಅನ್ನ ಬೇಯಿಸಲಿಕ್ಕೆ ನಿಮಗೆ ಕೈ ಇಲ್ಲವಾ ಮಾರಾಯ?”

ಭಾನುವಾರ ಸುರೇಶ ಬಂದಾಗ ಮಗುವಿನ ಮೈಯ ಹಳೆಯ ಚುಕ್ಕಿಗಳು ಮಾಸಿದ್ದವು, ಹೊಸದು ಎದ್ದಿರಲಿಲ್ಲ. ರತ್ನಕ್ಕ ಒಬ್ಬರೇ ಹೊರಟರು. ಹೊರಡುವಾಗ, ಮರಿ ದೊಡ್ಡದಾದ ಮೇಲೆ ಒಂದು ಜೋಡಿ ನನಗೆ ಬೇಕು ಎಂದು ಅಮ್ಮನಲ್ಲಿ ಹೇಳಿ ಹೋದರು. ಬಾಣಂತಿಯ ಕೋಣೆಯಲ್ಲಿ ಕೋಳಿ ಕೂರಿಸುವ ಪದ್ಧತಿ ಆ ವರ್ಷಕ್ಕೆ ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಗೂಡಿನ ಪಕ್ಕದ ಗೋಡೆಗೂಡೂ ಮನೆಯ ಒಳಗೇ ಎಂದು ಅಮ್ಮ ಬಂದವರಿಗೆಲ್ಲ ವಿವರಿಸುತ್ತಿದ್ದರು, ಅಷ್ಟೇ.

ಆ ಬುಧವಾರ ವ್ಯಾನು ಖಾಲಿಯಾಗಿ ಗದ್ದೆಯ ದಾರಿ ಹಿಡಿದ ಮೇಲೆ ಸುಮತಿ ಬಟ್ಟೆಯ ಗಂಟನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತಳು. ಬೆಳಗಿನಿಂದ ಅವಳು ಕೂತದ್ದು ಅದೇ ಮೊದಲು. ಒಳಗಿನಿಂದ ರತ್ನಕ್ಕ ಚಾಪೆ ಬಿಡಿಸುತ್ತ, ಊಟಕ್ಕೆ ಎಂತ ಉಂಟು ಸುಮತಿ ಎಂದು ಕೇಳಿದರು. ಗಂಜಿ, ಹುರುಳಿ ಚಟ್ನಿ ಎಂದು ಅವಳ ಪರವಾಗಿ ನಾನು ಹೇಳಿದೆ. ಆಮೇಲೆ ಹಿತ್ತಿಲಿಗೆ ಹೋದೆ. ಕೋಳಿಗಳು ಹೊಸ ಅಟ್ಟಳಿಗೆಯ ಮೇಲೆ ಜಾಗಕ್ಕಾಗಿ ಸ್ವಲ್ಪ ತಳ್ಳಾಡಿ, ಸಾಲಾಗಿ ಕೂತು, ಸುಮ್ಮನಾದವು. ಗೂಡಿನ ಬಾಗಿಲು ಎಳೆದು ಅಗುಳಿ ಹಾಕಿದೆ.